ಚಳಿಗಾಲದ ಒಲೆಗೆ ಕಟ್ಟಿಗೆ: ಒಣಗಿಸುವುದು ಯಾವಾಗ, ಒಟ್ಟುವುದು ಹೇಗೆ?

ಪ್ರಶ್ನೆ: ನಾವು ಮೂಲತಃ ಧಾರವಾಡದವರು, ಬಹಳ ವರ್ಷಗಳಿಂದ ಪುಣೆಯ ಕೋಥ್ರೂಡದಲ್ಲಿದ್ದೇವೆ. ನಿವೃತ್ತಿಯ ನಂತರ ಮುಳಶಿ ತಾಲೂಕಿನ ಪೌಡ್ ಹತ್ತಿರ ಒಂದು ಸಣ್ಣ ಮನೆ ಕಟ್ಟಿಸಿಕೊಂಡು ಡಿಸೆಂಬರ್, ಜನವರಿ ತಿಂಗಳುಗಳನ್ನು ಅಲ್ಲಿಯೇ ಕಳೆಯುತ್ತೇವೆ. ನಡುಮನೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆಯಿದೆ, ಸ್ನಾನದ ನೀರಿಗೆ ತಾಮ್ರದ ಬಂಬ ಇದೆ. ಕಳೆದ ಜೂನ್ ಮೊದಲ ವಾರ ವಖಾರಿಯಿಂದ ಒಂದು ಟೆಂಪೊ ಜಾಲಿ, ಮಾವು ಮತ್ತು ಸುಬಾಬುಲ್ ಕಟ್ಟಿಗೆ ತರಿಸಿ, ಉತ್ತರದ ಗೋಡೆಗೆ ಒತ್ತಿ ಒಟ್ಟಿ, ನೆಲದವರೆಗೂ ತಾಡಪತ್ರಿ ಹೊದಿಸಿ ಹಗ್ಗದಿಂದ ಬಿಗಿದಿದ್ದೆವು. ಈಗ ನವೆಂಬರಿನಲ್ಲಿ ಬಿಚ್ಚಿ ನೋಡಿದರೆ ಎಲ್ಲೆಲ್ಲೂ ಬೂಷ್ಟು. ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಬಂದು ಸುಂಯ್ ಎನ್ನುತ್ತದೆ, ಗಾಜು ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ, ಹೊಗೆಕೊಳವೆಯ ಜೋಡಣೆಯಿಂದ ಕಪ್ಪು ನೀರು ತೊಟ್ಟಿಕ್ಕುತ್ತದೆ. ಕೆಳಗಿನ ಸಾಲಿಗೆ ಗೆದ್ದಲು ಹತ್ತಿದೆ. ಧಾರವಾಡದ ಮನೆಯ ಹಿತ್ತಲಲ್ಲಿ ಬಯಲಲ್ಲೇ ಒಟ್ಟಿದ ಕಟ್ಟಿಗೆ ಚೆನ್ನಾಗಿ ಉರಿಯುತ್ತಿತ್ತು. ಇಲ್ಲಿ ತಪ್ಪಿದ್ದೆಲ್ಲಿ? ಈ ಚಳಿಗಾಲಕ್ಕೆ ಏನಾದರೂ ದಾರಿ ಇದೆಯೇ? ಗೆದ್ದಲಿಗೆ ಔಷಧಿ ಹೊಡೆಯಬಹುದೇ?

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ಕಟ್ಟಿಗೆ ವಖಾರಿಯಿಂದ ಬಂದಾಗಲೇ ಹಸಿಯಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಳೆಯಿಂದ ಅದನ್ನು ಕಾಪಾಡಲೆಂದು ನೀವು ಹೊದಿಸಿದ ತಾಡಪತ್ರಿ, ಒಳಗಿದ್ದ ನೀರು ಹೊರಗೆ ಹೋಗದಂತೆಯೂ ಕಾಪಾಡಿತು. ಒದ್ದೆ ಬಟ್ಟೆಯನ್ನು ಮಡಚಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದರೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗಿದೆ. ಈ ಭಾಗದಲ್ಲಿ ಕಟ್ಟಿಗೆ ಒಣಗುವ ಕಾಲವೆಂದರೆ ಅಕ್ಟೋಬರ್ ಕೊನೆಯಿಂದ ಮೇ ಕೊನೆಯವರೆಗೆ ಮಾತ್ರ. ಡಿಸೆಂಬರಿನಲ್ಲಿ ಉರಿಸಬೇಕಾದ ಕಟ್ಟಿಗೆ ಅದರ ಹಿಂದಿನ ಬೇಸಿಗೆಯಲ್ಲಿ ಒಣಗಿ ಮುಗಿದಿರಬೇಕು, ಮಳೆಗಾಲದಲ್ಲಿ ಅದನ್ನು ಕಾಯ್ದುಕೊಳ್ಳುವ ಕೆಲಸವಷ್ಟೇ ಉಳಿದಿರಬೇಕು. ಜೂನ್‌ನಲ್ಲಿ ಹಸಿ ಕಟ್ಟಿಗೆ ಕೊಂಡವರಿಗೆ ಆ ವರ್ಷದ ಚಳಿಗಾಲಕ್ಕೆ ಒಣ ಕಟ್ಟಿಗೆ ಸಿಗುವ ಮಾರ್ಗವೇ ಇರುವುದಿಲ್ಲ. ಆದರೂ ಈಗ ನವೆಂಬರ್ ಆಗಿರುವುದು ನಿಮ್ಮ ಪಾಲಿಗೆ ಒಳ್ಳೆಯದು, ಏಕೆಂದರೆ ಒಣ ಹವೆ ಈಗ ತಾನೇ ಆರಂಭವಾಗಿದೆ ಮತ್ತು ನಿಮ್ಮ ರಾಶಿಯಲ್ಲಿ ಒಂದಷ್ಟು ಪಾಲನ್ನು ಜನವರಿಯ ಹೊತ್ತಿಗಾದರೂ ಉಳಿಸಿಕೊಳ್ಳಬಹುದು.

ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಈ ನೀರು ಎರಡು ಬಗೆಯಲ್ಲಿ ಕುಳಿತಿರುತ್ತದೆ. ನಾಳಗಳ ಮತ್ತು ಕೋಶಗಳ ಟೊಳ್ಳಿನಲ್ಲಿ ತುಂಬಿಕೊಂಡ ನೀರು ಬೇಗ ಹೊರಡುತ್ತದೆ. ಕೋಶಗಳ ಗೋಡೆಯೊಳಗೆ ಹಿಡಿದಿಟ್ಟುಕೊಂಡ ನೀರು ನಿಧಾನವಾಗಿ, ಹಟಮಾರಿಯಂತೆ ಹೊರಡುತ್ತದೆ. ಮೊದಲ ಬಗೆಯ ನೀರು ಮುಗಿದು ಎರಡನೆಯದು ಮಾತ್ರ ಉಳಿಯುವ ಹಂತದಲ್ಲಿ, ಒಣ ಮರದ ತೂಕಕ್ಕೆ ಹೋಲಿಸಿದರೆ ಶೇಕಡಾ 28ರಿಂದ 30ರಷ್ಟು ತೇವ ಇರುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಬೇಕಾದದ್ದು ಈ ಮಟ್ಟದ ಅಥವಾ ಇದಕ್ಕಿಂತ ಹೆಚ್ಚಿನ ತೇವ. ಇದು ಶೇಕಡಾ 20ಕ್ಕಿಂತ ಕೆಳಗೆ ಇಳಿದರೆ ಬೂಷ್ಟು ಬೆಳೆಯುವುದಿಲ್ಲ, ಕಟ್ಟಿಗೆ ಹಿಸ್ಸೆಂದು ಸದ್ದು ಮಾಡುವುದಿಲ್ಲ, ಒಲೆ ಸರಾಗವಾಗಿ ಉರಿಯುತ್ತದೆ. ನಾವು ತಲುಪಬೇಕಾದ ಗುರಿ ಅದು.

ಹಸಿ ಕಟ್ಟಿಗೆಯ ನಷ್ಟವನ್ನು ಸಾಮಾನ್ಯವಾಗಿ ಜನ ಅರ್ಧ ಮಾತ್ರ ಲೆಕ್ಕ ಹಾಕುತ್ತಾರೆ. ಹತ್ತು ಕಿಲೊ ಹಸಿ ಕಟ್ಟಿಗೆಯಲ್ಲಿ ಐದು ಕಿಲೊ ನೀರಿದೆ ಎಂದಿಟ್ಟುಕೊಳ್ಳಿ. ಆ ನೀರನ್ನು ಕುದಿಸಿ ಆವಿ ಮಾಡಲು ಕಿಲೊಗೆ ಸುಮಾರು 620 ಕಿಲೊಕ್ಯಾಲೊರಿಯಂತೆ 3,100 ಕಿಲೊಕ್ಯಾಲೊರಿ ಹೋಗುತ್ತದೆ. ಉಳಿದ ಐದು ಕಿಲೊ ಮರದಿಂದ ಸಿಗುವ ಶಾಖ ಸುಮಾರು 22,000 ಕಿಲೊಕ್ಯಾಲೊರಿ. ಅಂದರೆ ನೀರು ನೇರವಾಗಿ ಕದಿಯುವುದು ಏಳನೆಯ ಒಂದು ಪಾಲು. ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನಿಜವಾದ ನಷ್ಟ ಬೇರೆಡೆ ಇದೆ. ಬಿಸಿ ತಗುಲಿದಾಗ ಒಣ ಮರದ ತೂಕದ ಸುಮಾರು ಮುಕ್ಕಾಲು ಭಾಗ ಅನಿಲವಾಗಿ ಹೊರಡುತ್ತದೆ, ನಾವು ನೋಡುವ ಜ್ವಾಲೆಯೆಂದರೆ ಆ ಅನಿಲ ಉರಿಯುವುದೇ. ಆ ಅನಿಲ ಪೂರ್ತಿ ಉರಿಯಬೇಕಾದರೆ ಒಲೆಯ ಒಳಗೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ನೀರು ಆವಿಯಾಗುತ್ತಿರುವ ಒಲೆ ಆ ಬಿಸಿಗೆ ಏರುವುದೇ ಇಲ್ಲ, ಹೀಗಾಗಿ ಉರಿಯಬೇಕಾದ ಅನಿಲವು ಹೊಗೆಯಾಗಿ ಕೊಳವೆಯೊಳಗೆ ಹೋಗುತ್ತದೆ, ತಣ್ಣನೆಯ ತಗಡಿಗೆ ತಾಗಿ ಟಾರಿನಂತೆ ಅಂಟಿಕೊಳ್ಳುತ್ತದೆ. ನಿಮ್ಮ ಜೋಡಣೆಯಿಂದ ತೊಟ್ಟಿಕ್ಕುವ ಕಪ್ಪು ನೀರು ಕಟ್ಟಿಗೆಯ ಆವಿ ಮತ್ತು ಈ ಟಾರು ಸೇರಿ ಇಳಿದದ್ದು. ಅದು ಒಣಗಿ ಗಟ್ಟಿಯಾದಾಗ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು, ಕೊಳವೆಯೊಳಗೆ ಬೆಂಕಿ ಬೀಳುವುದಕ್ಕೆ ಮುಖ್ಯ ಕಾರಣವೂ ಅದೇ. ಆದ್ದರಿಂದ ಮತ್ತೊಮ್ಮೆ ಒಲೆ ಹೊತ್ತಿಸುವ ಮೊದಲು ಕೊಳವೆಯನ್ನು ಬಿಚ್ಚಿಸಿ, ಉಕ್ಕಿನ ಬ್ರಷ್ ಹಾಕಿಸಿ, ಒಳಗೆ ಹೊಳೆಯುವ ಕಪ್ಪು ಪದರ ಉಳಿದಿಲ್ಲವೆಂದು ಖಾತರಿ ಮಾಡಿಕೊಳ್ಳಿ. ಇದನ್ನು ಮುಂದೂಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಧಾರವಾಡದ ಹಿತ್ತಲಿನ ಮಾತು. ಧಾರವಾಡದಲ್ಲಿ ಬೀಳುವ ಮಳೆ ಪುಣೆ ನಗರದ ಮಳೆಗೆ ಹತ್ತಿರವೇ ಇದೆ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್ ಬೀಳುತ್ತದೆ. ಆದರೆ ಪುಣೆಯಿಂದ ಪಶ್ಚಿಮಕ್ಕೆ ಚಾಂದಣಿ ಚೌಕ ದಾಟಿ ಪೌಡ್, ಮುಳಶಿ ಕಡೆಗೆ ಹೋದಂತೆ ಮಳೆ ಏರುತ್ತಲೇ ಹೋಗಿ, ಘಟ್ಟದ ಅಂಚಿನ ತಾಮ್ಹಿಣಿಯಲ್ಲಿ 6,000 ಮಿಲಿಮೀಟರ್ ಮೀರುವ ವರ್ಷಗಳಿವೆ. ನೀವು ಧಾರವಾಡದ ಅಭ್ಯಾಸವನ್ನು ಹೆಚ್ಚು ಕಡಿಮೆ ಮಲೆನಾಡಿನಂತಹ ಹವೆಗೆ ತಂದಿದ್ದೀರಿ. ಶಿರಸಿ, ತೀರ್ಥಹಳ್ಳಿ ಕಡೆಯ ಮನೆಗಳನ್ನು ನೆನಪಿಸಿಕೊಳ್ಳಿ: ಅಲ್ಲಿ ಯಾರೂ ಕಟ್ಟಿಗೆಯನ್ನು ಬಯಲಲ್ಲಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಒಡೆದು ಒಣಗಿಸಿದ್ದನ್ನು ಮೇ ತಿಂಗಳೊಳಗೆ ಕಟ್ಟಿಗೆ ಕೊಟ್ಟಿಗೆಗೆ ಸೇರಿಸುತ್ತಾರೆ, ನಿತ್ಯದ ಬಳಕೆಗೆ ಬೇಕಾದಷ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ, ಕೆಳಗಿನ ಬಿಸಿ ಹೊಗೆ ಅದನ್ನು ಜುಲೈನಲ್ಲಿಯೂ ಗರಿಗರಿಯಾಗಿ ಇರಿಸುತ್ತದೆ. ನಿಮ್ಮ ಪೌಡ್ ಮನೆಗೆ ಅನುಸರಿಸಬೇಕಾದದ್ದು ಆ ಪದ್ಧತಿಯನ್ನು.

ಬೇಸಿಗೆಗೆ ಏಕಿಷ್ಟು ಮಹತ್ವ ಎಂಬುದನ್ನು ಸ್ವಲ್ಪ ವಿವರಿಸಬೇಕು. ಮರ ಎಷ್ಟೇ ದಿನ ಇಟ್ಟರೂ ಸುತ್ತಲಿನ ಗಾಳಿಯ ಆರ್ದ್ರತೆಗೆ ತಕ್ಕ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಒಣಗುವುದಿಲ್ಲ. ಗಾಳಿಯ ಆರ್ದ್ರತೆ ಶೇಕಡಾ 30 ಇದ್ದರೆ ಮರದ ತೇವ ಶೇಕಡಾ 6ರ ಹತ್ತಿರ ನಿಲ್ಲುತ್ತದೆ, ಶೇಕಡಾ 65 ಇದ್ದರೆ 12ರ ಹತ್ತಿರ, ಶೇಕಡಾ 90 ಇದ್ದರೆ 20ರ ಹತ್ತಿರ. ಪುಣೆಯಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಸಂಜೆಗಳಲ್ಲಿ ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಶಿವಾಜಿನಗರದ ಹವಾಮಾನ ಕಚೇರಿ, ಅಂದರೆ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಪುಣೆಯ ಜನ ಇಂದಿಗೂ ಸಿಮ್ಲಾ ಆಫೀಸ್ ಎನ್ನುವ ಕಚೇರಿ, ಬೆಳಿಗ್ಗೆ 8.30ರ ಮತ್ತು ಸಂಜೆ 5.30ರ ಆರ್ದ್ರತೆಯನ್ನು ಪ್ರತಿದಿನ ಕೊಡುತ್ತದೆ. ಕಟ್ಟಿಗೆ ಒಣಗಿಸುವವರು ನೋಡಬೇಕಾದದ್ದು ಸಂಜೆಯ ಅಂಕಿಯನ್ನು, ಏಕೆಂದರೆ ಮರದಿಂದ ನೀರು ಹೊರಡುವ ಹೊತ್ತು ಮಧ್ಯಾಹ್ನ. ಈ ಲೆಕ್ಕದಲ್ಲಿ ಒಂದು ಸಮಾಧಾನವೂ ಇದೆ. ಬೇಸಿಗೆಯಲ್ಲಿ ಚೆನ್ನಾಗಿ ಒಣಗಿದ ಕಟ್ಟಿಗೆಯನ್ನು ಮಳೆಹನಿ ತಾಗದ, ಗಾಳಿಯಾಡುವ ಮಾಡಿನ ಕೆಳಗೆ ಇಟ್ಟರೆ, ಇಡೀ ಶ್ರಾವಣ ತಂಪಾಗಿ ಸುರಿದರೂ ಅದರ ತೇವ ಶೇಕಡಾ 18-20ರ ಮೇಲೆ ಹೋಗುವುದಿಲ್ಲ, ಮತ್ತು ಅಕ್ಟೋಬರ್ ಬಿಸಿಲು ಬಿದ್ದ ಕೆಲವೇ ವಾರಗಳಲ್ಲಿ ಮತ್ತೆ ಇಳಿಯುತ್ತದೆ. ಮಳೆಗಾಲದ ತಂಪು ಗಾಳಿಗೆ ಹೆದರಿ ಕಟ್ಟಿಗೆಯನ್ನು ಸುತ್ತಿಡುವ ಅಗತ್ಯವೇ ಇಲ್ಲ.

ಈಗ ನಿಮ್ಮ ಎದುರಿಗಿರುವ ರಾಶಿಗೆ ಬರೋಣ. ಮೊದಲು ತಾಡಪತ್ರಿಯನ್ನು ಪೂರ್ತಿ ತೆಗೆದು, ರಾಶಿಯನ್ನು ಗೋಡೆಯಿಂದ ಬಿಡಿಸಿ, ದಿನವಿಡೀ ಬಿಸಿಲು ಬೀಳುವ ಜಾಗಕ್ಕೆ ಸಾಗಿಸಿ. ಸಾಗಿಸುವಾಗಲೇ ವಿಂಗಡಿಸಿ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ತೂಕವಿಲ್ಲದೆ ಬೆಂಡಿನಂತಿರುವ, ಉಗುರು ಒತ್ತಿದರೆ ಒಳಗೆ ಹೋಗುವ, ಬಿಳಿ ಎಳೆಗಳು ಹಬ್ಬಿದ ತುಂಡುಗಳು ಆಗಲೇ ಕೊಳೆತಿವೆ, ಅವುಗಳಲ್ಲಿ ಉರಿಯುವ ಅಂಶವೇ ಕಡಿಮೆಯಾಗಿರುತ್ತದೆ, ಗೊಬ್ಬರದ ಗುಂಡಿಗೆ ಹಾಕಿ. ಮಾವಿನ ತುಂಡುಗಳಲ್ಲಿ ಇಂಥವು ಹೆಚ್ಚು ಸಿಗುತ್ತವೆ. ಮೇಲ್ಮೈಯಲ್ಲಿ ಮಾತ್ರ ಹಸಿರು, ಬೂದು ಬಣ್ಣದ ಬೂಷ್ಟು ಇರುವ ಗಟ್ಟಿ ತುಂಡುಗಳು ಒಣಗಿದ ಮೇಲೆ ಉರಿಸಲು ಯೋಗ್ಯ, ಆದರೆ ಅವನ್ನು ಮನೆಯೊಳಗೆ ತಂದು ರಾಶಿ ಹಾಕಬೇಡಿ ಮತ್ತು ಒರೆಸಿ ಕೊಡವುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸ ಇರುವವರು ಈ ಕೆಲಸ ಮಾಡದಿರುವುದು ಲೇಸು.

ಉಳಿದ ಗಟ್ಟಿ ಕಟ್ಟಿಗೆಯನ್ನು ಮುಂಗೈ ದಪ್ಪಕ್ಕೆ, ಅಂದರೆ ನಾಲ್ಕೈದು ಸೆಂಟಿಮೀಟರ್ ದಪ್ಪಕ್ಕೆ ಸೀಳಿಸಿ. ಸೀಳಿನ ದಪ್ಪ ಅರ್ಧವಾದರೆ ಒಣಗುವ ಕಾಲ ಅರ್ಧಕ್ಕಿಂತಲೂ ಬಹಳ ಕಡಿಮೆಯಾಗುತ್ತದೆ, ಕಾಲು ಭಾಗದ ಹತ್ತಿರಕ್ಕೆ ಬರುತ್ತದೆ. ನಿಮ್ಮಲ್ಲಿ ಈಗ ಕಾಲವೇ ಇಲ್ಲದಿರುವುದರಿಂದ ಕೊಡಲಿಯ ಕೂಲಿ ಉಳಿಸುವುದು ಸರಿಯಲ್ಲ. ಸೀಳಿದ್ದನ್ನು ಬಾವಿಕಟ್ಟೆಯ ಆಕಾರದಲ್ಲಿ, ಒಂದು ಸುತ್ತು ಉದ್ದಕ್ಕೆ ಒಂದು ಸುತ್ತು ಅಡ್ಡಕ್ಕೆ, ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು ಪೇರಿಸಿ. ರಾತ್ರಿ ಇಬ್ಬನಿ ಬೀಳುವ ದಿನಗಳಲ್ಲಿ ತಲೆಯ ಮೇಲೆ ಮಾತ್ರ ಒಂದು ತಗಡು ಮುಚ್ಚಿ, ಬೆಳಿಗ್ಗೆ ತೆಗೆಯಿರಿ. ಡಿಸೆಂಬರ್ ಮಧ್ಯಾಹ್ನಗಳಲ್ಲಿ ಪುಣೆಯ ಗಾಳಿ ಸಾಕಷ್ಟು ಒಣಗಿರುತ್ತದೆ, ಹೀಗೆ ತೆರೆದಿಟ್ಟ ತೆಳ್ಳನೆಯ ಮಾವು, ಸುಬಾಬುಲ್ ಸೀಳುಗಳು ಐದಾರು ವಾರಗಳಲ್ಲಿ ಒಲೆಗೆ ತಕ್ಕ ಮಟ್ಟಕ್ಕೆ ಬರುತ್ತವೆ. ಜಾಲಿ ಬರುವುದಿಲ್ಲ. ಅದರ ಕೆಂಪು ತಿರುಳು ಬಹಳ ದಟ್ಟವಾದದ್ದು, ಅದನ್ನು ಮುಂದಿನ ವರ್ಷಕ್ಕೆಂದು ಬೇರೆಯೇ ಒಟ್ಟಿಡಿ. ಅಲ್ಲಿಯವರೆಗೆ ಒಣ ತೆಂಗಿನ ಚಿಪ್ಪು, ತೊಗರಿ ಕಟ್ಟಿಗೆ, ಅಥವಾ ಕೃಷಿ ತ್ಯಾಜ್ಯದಿಂದ ಒತ್ತಿ ಮಾಡಿದ ಇಂಧನದ ಇಟ್ಟಿಗೆಗಳಿಂದ ಬಂಬ ನಡೆಸಿಕೊಳ್ಳಿ. ಚೆನ್ನಾಗಿ ಒಣಗಿದ ಸ್ವಲ್ಪ ಕಟ್ಟಿಗೆಯ ಜೊತೆ ಹಸಿಯದನ್ನು ಬೆರೆಸಿ ಉರಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಹಸಿಯದು ಒಣಗಿದ್ದರ ಬಿಸಿಯನ್ನೂ ನುಂಗಿ ಕೊಳವೆಯನ್ನು ಮತ್ತೆ ಕಪ್ಪಾಗಿಸುತ್ತದೆ.

ಒಣಗಿದೆಯೆಂದು ತಿಳಿಯುವುದು ಹೇಗೆ? ತುದಿಯಲ್ಲಿ ಬಿರುಕು ಮೂಡಿದರೆ ಒಣಗಿತು ಎಂಬ ನಂಬಿಕೆ ಎಲ್ಲ ಕಡೆಯೂ ಇದೆ, ಮತ್ತು ಅದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಮರದ ನಾಳಗಳು ಉದ್ದಕ್ಕೆ ಹರಿಯುವುದರಿಂದ ಕೊಯ್ದ ತುದಿಗಳಲ್ಲಿ ನೀರು ಪಕ್ಕದ ಮೈಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಹೊರಡುತ್ತದೆ, ಹೀಗಾಗಿ ನಡುಭಾಗ ಹಸಿಯಾಗಿಯೇ ಇರುವಾಗ ತುದಿಗಳು ಬಿರಿದಿರುತ್ತವೆ. ಒಂದು ತುಂಡನ್ನು ನಡುವೆ ಹೊಸದಾಗಿ ಸೀಳಿ, ಸೀಳಿದ ಮೈಯನ್ನು ಕೂಡಲೇ ಕೆನ್ನೆಗೆ ಒತ್ತಿ ನೋಡಿ. ಒಳಗೆ ನೀರಿದ್ದರೆ ತಣ್ಣಗೆ ತಗಲುತ್ತದೆ, ಮೂಗಿಗೆ ಹುಳಿ ಕಲೆತ ಹಸಿ ವಾಸನೆ ಬರುತ್ತದೆ, ಮೈ ಗಾಢ ಬಣ್ಣದಲ್ಲಿರುತ್ತದೆ. ಒಣಗಿದ್ದರೆ ಬೆಚ್ಚಗೆನಿಸುತ್ತದೆ, ಬಣ್ಣ ಮಂಕಾಗಿರುತ್ತದೆ, ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದರೆ ಟಣ್ ಎಂಬ ಸ್ಪಷ್ಟ ಸದ್ದು ಬರುತ್ತದೆ. ಹಸಿಯದು ದಪ್ಪೆಂದು ಮಂದವಾಗಿ ಕೇಳುತ್ತದೆ. ಎರಡು ಸೂಜಿಗಳ ತೇವಮಾಪಕ ಸುಲಭ ಬೆಲೆಗೆ ಸಿಗುತ್ತದೆ, ಕೊಂಡರೆ ಒಳ್ಳೆಯದೇ. ಆದರೆ ಅದನ್ನೂ ಹೊಸದಾಗಿ ಸೀಳಿದ ಮೈಯ ನಡುವೆ, ನಾರಿನ ಉದ್ದಕ್ಕೆ ಚುಚ್ಚಬೇಕು, ಹೊರಮೈಗೆ ಚುಚ್ಚಿದರೆ ಅದು ಸುಳ್ಳು ಹೇಳುತ್ತದೆ.

ಎಲ್ಲಕ್ಕಿಂತ ನಂಬಿಗಸ್ತ ವಿಧಾನ ತಕ್ಕಡಿ. ರಾಶಿಯ ನಡುವಿನಿಂದ ನಾಲ್ಕು ಸೀಳುಗಳನ್ನು ಆರಿಸಿ, ಬಣ್ಣದ ಗುರುತು ಹಾಕಿ, ತೂಗಿ, ತೂಕವನ್ನು ಅದರ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದು ಮತ್ತೆ ಅದೇ ಜಾಗದಲ್ಲಿಡಿ. ವಾರಕ್ಕೊಮ್ಮೆ ತೂಗಿದರೆ ಮೊದಲು ತೂಕ ದೊಡ್ಡ ಹೆಜ್ಜೆಗಳಲ್ಲಿ ಇಳಿಯುತ್ತದೆ, ಆಮೇಲೆ ಹೆಜ್ಜೆ ಸಣ್ಣದಾಗುತ್ತದೆ, ಕೊನೆಗೆ ಎರಡು ವಾರ ಸರಿಸುಮಾರು ಒಂದೇ ನಿಲ್ಲುತ್ತದೆ. ಅಲ್ಲಿಗೆ ಆ ಹವೆಯಲ್ಲಿ ಒಣಗುವಷ್ಟು ಒಣಗಿತು ಎಂದರ್ಥ.

ಮುಂದಿನ ಚಳಿಗಾಲದ ಸಿದ್ಧತೆ ಈ ಜನವರಿಯಲ್ಲೇ ಆರಂಭವಾಗಬೇಕು. ಎಷ್ಟು ಬೇಕೆಂದು ಮೊದಲು ಲೆಕ್ಕ ಹಾಕಿ. ನಿಮ್ಮಂಥ ಕಬ್ಬಿಣದ ಒಲೆ ಗಂಟೆಗೆ ಎರಡರಿಂದ ಮೂರು ಕಿಲೊ ಒಣ ಕಟ್ಟಿಗೆ ತಿನ್ನುತ್ತದೆ, ಸಂಜೆ ನಾಲ್ಕು ಗಂಟೆ ಉರಿಸಿದರೆ ಹತ್ತು ಕಿಲೊ. ಅರವತ್ತು ಲೀಟರ್ ಸ್ನಾನದ ನೀರಿಗೆ ಒಂದೂವರೆ ಕಿಲೊ ಒಣ ಕಟ್ಟಿಗೆ ಸಾಕು. ಎರಡು ತಿಂಗಳಿಗೆ ಒಟ್ಟು 700 ಕಿಲೊ. ಇಲ್ಲಿ ವಖಾರಿಗಳಲ್ಲಿ ತೂಕಕ್ಕೆ ಮಾರುವುದರಿಂದ ಹಸಿ ಕಟ್ಟಿಗೆ ಕೊಳ್ಳುವವರು ನೀರಿಗೂ ಹಣ ಕೊಡುತ್ತಾರೆ ಎಂಬುದನ್ನು ನೆನಪಿಡಿ. ತೂಕದಲ್ಲಿ ಶೇಕಡಾ 45 ನೀರಿರುವ ಒಂದು ಟನ್ ಕಟ್ಟಿಗೆಯನ್ನು ಶೇಕಡಾ 20ಕ್ಕೆ ಒಣಗಿಸಿದರೆ ಉಳಿಯುವುದು 690 ಕಿಲೊದಷ್ಟು ಮಾತ್ರ. ಆದ್ದರಿಂದ ಜನವರಿಯಲ್ಲಿ ಒಂದು ಟನ್ ಕೊಂಡರೆ ನಿಮ್ಮ ಲೆಕ್ಕ ಸರಿಹೋಗುತ್ತದೆ, ದರ ಮಾತನಾಡುವಾಗಲೂ ಈ ನಷ್ಟವನ್ನು ಮುಂದಿಟ್ಟೇ ಮಾತನಾಡಿ.

ಯಾವ ಮರ ಎಂಬ ವಿಷಯಕ್ಕೆ ಜನ ಅತಿಯಾದ ಮಹತ್ವ ಕೊಡುತ್ತಾರೆ. ಸಮನಾಗಿ ಒಣಗಿದ ಎರಡು ಮರಗಳು ಕಿಲೊಗೆ ಕೊಡುವ ಶಾಖದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ದಟ್ಟವಾದ ಮರ ಕಡಿಮೆ ಜಾಗದಲ್ಲಿ ಹೆಚ್ಚು ತೂಗುತ್ತದೆ, ಅದರ ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ, ಅಷ್ಟೇ. ಜಾಲಿ, ಹುಣಸೆ, ಸರ್ವೆ ಇಂಥವು, ರಾತ್ರಿಯ ಒಲೆಗೆ ಬಹಳ ಒಳ್ಳೆಯವು. ಮಾವು, ಸುಬಾಬುಲ್, ಬೇಲಿಯಲ್ಲಿ ಬೆಳೆಯುವ ಗೊಬ್ಬರದ ಗಿಡ ಬೇಗ ಒಣಗಿ ಬೇಗ ಉರಿಯುತ್ತವೆ, ಬಂಬಕ್ಕೆ ಅವೇ ಸರಿ. ನೀಲಗಿರಿ ಮತ್ತು ಜಾಲಿಯನ್ನು ಹಸಿಯಿರುವಾಗಲೇ ಸೀಳಿಸಿಬಿಡಿ, ಒಣಗಿದ ಮೇಲೆ ಬೆಣೆ ಹೊಡೆದರೂ ಜಗ್ಗುವುದಿಲ್ಲ. ಕಣಗಿಲೆಯನ್ನು ಒಲೆಗೆ ಹಾಕಲೇಬಾರದು, ಅದರ ಹೊಗೆಯೂ ವಿಷ. ಗೋಡಂಬಿಯ ಸಿಪ್ಪೆ ಕೊಂಕಣದ ಕಡೆ ಅಗ್ಗಕ್ಕೆ ಸಿಗುತ್ತದೆಯಾದರೂ ಅದರ ಎಣ್ಣೆ ಚರ್ಮ ಸುಡುವಂಥದು, ಹೊಗೆ ಕಣ್ಣು, ಗಂಟಲನ್ನು ಉರಿಸುತ್ತದೆ, ಮನೆಯೊಲೆಗೆ ಬೇಡ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಔಷಧಿ ಕುಡಿಸಿದ ಕಂಬದ ತುಂಡುಗಳೂ ಬೇಡ.

ಕಟ್ಟಿಗೆಯನ್ನು ಒಲೆಯ ಬಾಯಿಗೆ ಸರಿಹೋಗುವಂತೆ 35ರಿಂದ 40 ಸೆಂಟಿಮೀಟರ್ ಉದ್ದಕ್ಕೆ ಕೊಯ್ಯಿಸಿ, ಏಳೆಂಟು ಸೆಂಟಿಮೀಟರ್ ದಪ್ಪಕ್ಕೆ ಸೀಳಿಸಿ. ದುಂಡಗಿನ ತುಂಡನ್ನು ತೊಗಟೆ ಸಮೇತ ಹಾಗೆಯೇ ಬಿಡಬೇಡಿ, ತೊಗಟೆ ನೀರನ್ನು ಒಳಗೇ ಹಿಡಿದಿಡುವುದಲ್ಲದೆ ಕೊರೆಯುವ ಹುಳುಗಳಿಗೆ ಮೊಟ್ಟೆಯಿಡಲು ಜಾಗವನ್ನೂ ಕೊಡುತ್ತದೆ. ಒಟ್ಟಲು, ಅಂದರೆ ಒಟ್ಟಿದ ರಾಶಿ, ಒಂದೇ ಸಾಲಿನ ದಪ್ಪದಲ್ಲಿರಲಿ. ನಾಲ್ಕು ಮೀಟರ್ ಉದ್ದ, 1.2 ಮೀಟರ್ ಎತ್ತರದ ಒಂದು ಸಾಲಿನಲ್ಲಿ ನಿಮ್ಮ 700 ಕಿಲೊ ಸರಿಯಾಗಿ ಹಿಡಿಸುತ್ತದೆ. ಎರಡು ಸಾಲನ್ನು ಒತ್ತಿ ಒಟ್ಟಿದರೆ ಒಳಗಿನದಕ್ಕೆ ಗಾಳಿ ಮುಟ್ಟುವುದಿಲ್ಲ. ನೆಲದಿಂದ 25 ಸೆಂಟಿಮೀಟರ್ ಮೇಲೆ, ಸಿಮೆಂಟ್ ಇಟ್ಟಿಗೆಗಳ ಮೇಲೆ ಎರಡು ಕಬ್ಬಿಣದ ಪೈಪುಗಳನ್ನು ಉದ್ದಕ್ಕೆ ಹಾಸಿ, ಅವುಗಳ ಮೇಲೆ ಒಟ್ಟಬೇಕು, ಕೆಳಗೆ ಪೊರಕೆ ಆಡುವಷ್ಟು ಜಾಗ ಇರಬೇಕು. ಗೋಡೆಯಿಂದ ಒಂದು ಅಡಿಯಾದರೂ ದೂರ ಇರಲಿ, ಸಾಧ್ಯವಾದರೆ ಮನೆಯಿಂದಲೇ ನಾಲ್ಕೈದು ಮೀಟರ್ ದೂರ ಇರಲಿ.

ದಿಕ್ಕಿನ ಆಯ್ಕೆಯಲ್ಲಿ ಸ್ವಲ್ಪ ಯೋಚನೆ ಬೇಕು. ಬೇಸಿಗೆಯ ಮಧ್ಯಾಹ್ನ ಪುಣೆಯ ಕಡೆಗೆ ಗಾಳಿ ಬರುವುದು ಪಶ್ಚಿಮದಿಂದ, ಕಟ್ಟಿಗೆಯ ಕೊಯ್ದ ತುದಿಗಳು ಆ ಗಾಳಿಗೆ ಮುಖ ಮಾಡಿದ್ದರೆ ವೇಗವಾಗಿ ಒಣಗುತ್ತದೆ. ಆದರೆ ಜೂನ್ ನಂತರ ಮಳೆ ಹೊಡೆಯುವುದೂ ಅದೇ ಪಶ್ಚಿಮ, ನೈಋತ್ಯದಿಂದ. ಆದ್ದರಿಂದ ಒಟ್ಟಲನ್ನು ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಹಾಕಿ, ಮೇಲೆ ಎರಡೂ ಕಡೆ ಎರಡಡಿ ಮುಂಚಾಚಿದ ಇಳಿಜಾರು ತಗಡಿನ ಮಾಡು ಕಟ್ಟಿಸಿ, ಪಶ್ಚಿಮದ ಮೈಯನ್ನು ಮೇ ಕೊನೆಯವರೆಗೆ ತೆರೆದಿಡಿ. ಮೊದಲ ವಳಿವಿನ ಮಳೆಗಳು, ಅಂದರೆ ಮುಂಗಾರಿಗೆ ಮುಂಚಿನ ಮಳೆಗಳು, ಆರಂಭವಾದ ಕೂಡಲೇ ಆ ಮೈಗೆ ಬಿದಿರ ತಟ್ಟಿ ಅಥವಾ ತಗಡನ್ನು, ಕಟ್ಟಿಗೆಗೆ ತಾಗದಂತೆ ಅರ್ಧ ಅಡಿ ಬಿಟ್ಟು ನಿಲ್ಲಿಸಿ. ಪೂರ್ವದ ಮೈ ವರ್ಷವಿಡೀ ತೆರೆದೇ ಇರಲಿ, ಮುಂಗಾರು ಮಳೆ ಸಾಮಾನ್ಯವಾಗಿ ಅಲ್ಲಿಂದ ಬರುವುದಿಲ್ಲ, ತೇವ ಅಲ್ಲಿಂದ ಹೊರಗೆ ಹೋಗುತ್ತದೆ. ತಾಡಪತ್ರಿಯನ್ನು ಬಳಸಲೇಬೇಕಾದ ಸಂದರ್ಭ ಬಂದರೆ ಅದು ತಲೆಯ ಮೇಲಷ್ಟೇ ಇರಲಿ, ಪಕ್ಕಗಳಲ್ಲಿ ಒಂದು ಗೇಣಿಗಿಂತ ಹೆಚ್ಚು ಇಳಿಯದಿರಲಿ. ಜನವರಿ ಕೊನೆಗೆ ಹೀಗೆ ಒಟ್ಟಿದ ಮಾವು, ಸುಬಾಬುಲ್ ಏಪ್ರಿಲ್ ಒಳಗೆ, ಜಾಲಿ ಮೇ ಕೊನೆಯೊಳಗೆ ತೂಕ ಇಳಿಸಿಕೊಂಡು ನಿಲ್ಲುತ್ತವೆ.

ಗೋವೆಯಲ್ಲಿ ನೆಲೆಸಿದ ಕನ್ನಡಿಗರೂ ಆಗಾಗ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಮನೆ ಬೆಚ್ಚಗಿಡುವ ಒಲೆ ಬೇಕಾಗುವುದಿಲ್ಲ, ಸ್ನಾನದ ನೀರಿನ ಭಾಣಕ್ಕಷ್ಟೇ ಕಟ್ಟಿಗೆ. ಕಡಲ ಹತ್ತಿರದ ಗಾಳಿ ಬೇಸಿಗೆಯಲ್ಲಿಯೂ ತೇವವಾಗಿರುವುದರಿಂದ ಕಟ್ಟಿಗೆ ಶೇಕಡಾ 12-13ಕ್ಕಿಂತ ಕೆಳಗೆ ಒಣಗಲಾರದು, ನಿಧಾನವಾಗಿಯೂ ಒಣಗುತ್ತದೆ. ಆದರೂ ಒಲೆಗೆ ಅಷ್ಟು ಸಾಕು, ಸೀಳು ಮಾತ್ರ ಇನ್ನೂ ತೆಳ್ಳಗಿರಲಿ.

ಗೆದ್ದಲಿನ ವಿಷಯ. ನಿಮ್ಮ ಕಟ್ಟಿಗೆಗೆ ಹತ್ತಿದ್ದು ಮಣ್ಣಿನಿಂದ ಬರುವ ಗೆದ್ದಲು, ಅದಕ್ಕೆ ನೆಲದ ಸಂಪರ್ಕವೂ ತೇವವೂ ಬೇಕು. ಎತ್ತರಿಸಿದ ಒಣ ಒಟ್ಟಲಿಗೆ ಅದು ಹತ್ತಬೇಕಾದರೆ ಇಟ್ಟಿಗೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡೇ ಹತ್ತಬೇಕು, ನೀವು ವಾರಕ್ಕೊಮ್ಮೆ ಬಗ್ಗಿ ನೋಡಿ ಅದನ್ನು ಕೆರೆದು ಹಾಕಿದರೆ ಸಾಕು. ಗೋಡೆಗೆ ಒತ್ತಿದ ರಾಶಿಯಲ್ಲಿನ ದೊಡ್ಡ ಅಪಾಯವೆಂದರೆ ಗೆದ್ದಲು ನಿಮಗೆ ಕಾಣದಂತೆ ಅಲ್ಲಿಂದ ಬಾಗಿಲ ಚೌಕಟ್ಟಿಗೆ ದಾಟಬಲ್ಲದು, ಆದ್ದರಿಂದ ಆ ಉತ್ತರದ ಗೋಡೆಯ ಬುಡವನ್ನೂ ಹತ್ತಿರದ ಮರದ ಚೌಕಟ್ಟುಗಳನ್ನೂ ಈಗಲೇ ತಟ್ಟಿ ಪರೀಕ್ಷಿಸಿ. ಕಟ್ಟಿಗೆಗೆ ಕೀಟನಾಶಕ, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಯಾವುದನ್ನೂ ಹೊಡೆಯಬಾರದು. ಹೊಡೆದದ್ದೆಲ್ಲ ಉರಿಯುವಾಗ ಹೊಗೆಯಾಗಿ ನಿಮ್ಮ ನಡುಮನೆಗೆ ಬರುತ್ತದೆ. ಗೆದ್ದಲು ಹತ್ತಿದ ತುಂಡನ್ನು ಮಣ್ಣು ಕೊಡವಿ, ಬಿಸಿಲಿಗೆ ಬೇರೆ ಹರಡಿ, ಮೊದಲು ಅದನ್ನೇ ಉರಿಸಿ ಮುಗಿಸಿ. ಮಾವಿನಲ್ಲಿ ಸಣ್ಣ ತೂತುಗಳಿಂದ ಮೈದಾದಂಥ ಪುಡಿ ಉದುರುತ್ತಿದ್ದರೆ ಅದು ಬೇರೆ ಹುಳು, ಮರದ ಹೊರಪದರದ ಬಿಳಿ ಭಾಗದ ಪಿಷ್ಟವನ್ನು ತಿನ್ನುವಂಥದು. ಅಂಥ ಕಟ್ಟಿಗೆಯನ್ನು ಮನೆಯೊಳಗೆ ದಾಸ್ತಾನು ಮಾಡಬೇಡಿ.

ಮುಳಶಿ ಕಡೆ ಹಾವು, ಚೇಳುಗಳು ಕಟ್ಟಿಗೆಯ ಸಂದಿಯಲ್ಲಿ ಸೇರಿಕೊಳ್ಳುವುದು ಸಾಮಾನ್ಯ. ಘಟ್ಟದ ಕೆಳಗಿನ ಕೊಂಕಣದಲ್ಲಿ ಕೆಂಪು ಚೇಳಿನ ಕಡಿತಕ್ಕೆ ಎಷ್ಟು ಮಂದಿ ಬಲಿಯಾಗುತ್ತಿದ್ದರೆಂದರೆ, ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯಿಂದ ಅದಕ್ಕೆ ಚಿಕಿತ್ಸೆ ರೂಪಿಸಿದ ಮೇಲೆಯೇ ಸಾವುಗಳು ಇಳಿದವು. ದಪ್ಪ ಕೈಗವಸು ಹಾಕಿಕೊಂಡು, ಮೇಲಿನ ಸಾಲಿನಿಂದಲೇ, ಬೆಳಕಿರುವಾಗಲೇ ಕಟ್ಟಿಗೆ ತೆಗೆಯಿರಿ. ಕತ್ತಲಾದ ಮೇಲೆ ರಾಶಿಗೆ ಕೈ ಹಾಕುವ ಪ್ರಸಂಗವೇ ಬರದಂತೆ ಸಂಜೆಯ ಪಾಲನ್ನು ಮಧ್ಯಾಹ್ನವೇ ಒಳಗೆ ತಂದಿಡಿ. ಒಳಗೆ ತಂದದ್ದು ಒಲೆಯಿಂದ ಒಂದು ಮೀಟರ್ ದೂರದಲ್ಲಿರಲಿ.

ಉರಿಸುವ ಕ್ರಮದ ಬಗ್ಗೆ ಎರಡು ಮಾತು. ದಪ್ಪ ಸೀಳುಗಳನ್ನು ಕೆಳಗೆ, ತೆಳ್ಳನೆಯವನ್ನು ಅವುಗಳ ಮೇಲೆ, ಪುಳ್ಳೆಗಳನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಮೇಲಿನಿಂದ ಹೊತ್ತಿಸಿದರೆ, ಕೆಳಗಿನ ಕಟ್ಟಿಗೆಯಿಂದ ಏಳುವ ಅನಿಲ ಮೇಲಿನ ಜ್ವಾಲೆಯ ಮೂಲಕವೇ ಹಾದು ಉರಿದುಹೋಗುತ್ತದೆ, ಗಾಜು ತಿಳಿಯಾಗಿರುತ್ತದೆ. ರಾತ್ರಿಯಿಡೀ ಬೆಂಕಿ ಉಳಿಯಲೆಂದು ಗಾಳಿಯ ಕಿಂಡಿ ಮುಚ್ಚಿ ಮಲಗುವುದು ಬೇಡ. ಕಟ್ಟಿಗೆ ಅರೆಬರೆ ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ನಡುಮನೆಯಲ್ಲಿ ಅದರ ಅಲಾರಂ ಒಂದನ್ನು ಹಾಕಿಸಿ. ಕೆಂಡದ ಶೆಗಡಿಯನ್ನು ಮಲಗುವ ಕೋಣೆಗೆ ಒಯ್ಯುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇಂದೇ ಬಿಡಿ. ಬಂಬವನ್ನೂ ಮುಚ್ಚಿದ ಬಚ್ಚಲುಮನೆಯೊಳಗೆ ಉರಿಸದೆ ಹೊರಗಿನ ಪಡಸಾಲೆಯಲ್ಲಿ ಉರಿಸಿ, ಬಿಸಿನೀರನ್ನು ಒಳಗೆ ಒಯ್ಯಿರಿ.

ಕೊನೆಯದಾಗಿ, ನಿಮ್ಮದೇ ಜಾಗದ ಮರ ಕಡಿಸಿ ಕಟ್ಟಿಗೆ ಮಾಡಿಕೊಳ್ಳುವ ಯೋಚನೆ ಇದ್ದರೆ, ಮಹಾರಾಷ್ಟ್ರದ 1964ರ ಮರ ಕಡಿತ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಮಾವು, ಹಲಸು, ಹುಣಸೆ, ನೇರಳೆಗಳೂ ಇವೆ, ಸ್ವಂತ ಹೊಲದಲ್ಲಿದ್ದರೂ ಅಧಿಕಾರಿಯ ಅನುಮತಿ ಬೇಕು. ಕೋಥ್ರೂಡದ ಮನೆಯ ಅಂಗಳದ ಮರಕ್ಕೆ ನಗರ ಪ್ರದೇಶಗಳ 1975ರ ಕಾಯ್ದೆ ಅನ್ವಯಿಸುತ್ತದೆ, ಗೋವೆಯಲ್ಲಿರುವವರಿಗೆ 1984ರ ಮರ ಸಂರಕ್ಷಣಾ ಕಾಯ್ದೆ. ವಖಾರಿಯಿಂದ ಕೊಳ್ಳುವಾಗ ಬಿಲ್ಲು ಕೇಳಿ ಪಡೆಯಿರಿ, ಕಟ್ಟಿಗೆ ಯಾವಾಗ ಕಡಿದದ್ದೆಂದು ಕೇಳಿ, ಟೆಂಪೊದಿಂದ ಇಳಿಸುವ ಮೊದಲೇ ಒಂದು ತುಂಡನ್ನು ನಿಮ್ಮೆದುರಿಗೆ ಸೀಳಿಸಿ ನೋಡಿ.